ಮೇಲಿನ ಮಡಿಯ ನೀರು

ಕುಬ್ರಾಬೇಗಂ ಮಾಡಿದ ಗೊಬ್ಬರಕ್ಕೆ ದೋರನಹಳ್ಳಿಯವರು ಆಗಲೇ ಹೆಸರಿಟ್ಟಾಗಿತ್ತು: ಆಡಿನ ಹಿಕ್ಕಿ. ಹೆಸರಿಡುವುದರಲ್ಲಿ ನಮ್ಮ ಮಂದಿ ಎಂದೂ ತಡಮಾಡಿದವರಲ್ಲ. ಜಾಲಿ ಇದ್ದಿಲ ಪುಡಿಗೆ ಯೂರಿಯಾ ಕುಡಿಸಿ, ಬೇವಿನೆಣ್ಣೆ ಹಚ್ಚಿ, ಕಡಲೆಕಾಳಿನಷ್ಟು ಉಂಡೆ ಕಟ್ಟಿದರೆ ಅದು ಕಾಣುವುದೂ ಹಾಗೆಯೇ. ಬಿಳಿ ಯೂರಿಯಾ ನೀರಿಗೆ ಬಿದ್ದ ಕೂಡಲೇ ಕರಗಿ ಅರ್ಧ ಬೆಳೆಗೆ, ಅರ್ಧ ಹಳ್ಳಕ್ಕೆ ಹೋಗುತ್ತದೆ. ಈ ಕರಿ ಉಂಡೆ ಮಾತ್ರ ಬೆಳೆ ಬೇಡಿದಷ್ಟನ್ನೇ ಮೆಲ್ಲಗೆ ಬಿಡುತ್ತದೆ ಎಂದು ಅವಳು ಹೇಳಿದ್ದಳು. ಅವಳು ಓದುವ ಕೃಷಿ ಕಾಲೇಜಿನ ಕುಂಡಗಳಲ್ಲಿ ಬಿಟ್ಟೂ ಇತ್ತು. ಆದರೆ ಕುಂಡ ಬೇರೆ, ಕೆನಾಲ್ ನೀರಿನ ಗದ್ದೆ ಬೇರೆ.

ಅಪ್ಪ ಮಕ್ತುಮಸಾಬ ಮಗಳ ಪರೀಕ್ಷೆಗೆಂದು ಒಂದು ಮಡಿ ಬಿಟ್ಟುಕೊಟ್ಟಿದ್ದ. ಮನೆಯ ವರ್ಷದ ಅನ್ನ ಬೆಳೆಯುವ ಮಡಿ ಅದು. ನಾಟಿ ಮುಗಿದು ವಾರಗಳು ಕಳೆದವು. ಸುತ್ತಲಿನ ಭತ್ತ ಕಪ್ಪುಹಸಿರಾಗಿ ತೂಗುತ್ತಿದ್ದರೆ, ಇವರದು ಕಾಮಾಲೆ ಹತ್ತಿದಂತೆ ನಿಂತಿತ್ತು. ಅಪ್ಪ ಬೈದಿದ್ದರೆ ವಾಸಿಯಿತ್ತು. ಅವನು ಒಡ್ಡಿನ ಮೇಲೆ ಸುಮ್ಮನೆ ಕೂತು ಎದ್ದು ಬರುತ್ತಿದ್ದ, ಅದೇ ಕುಬ್ರಾಳಿಗೆ ಹೆದರಿಕೆ.

ಕಾಲೇಜಿನಲ್ಲಿ ಅವಳ ಕೆಲಸ ನೋಡಿಕೊಳ್ಳುವ ಮೋನಮ್ಮ ಮೇಡಂ ಬೇರೆ ಸೋಮವಾರ ಬರುವವರಿದ್ದರು. ಅವರದು ಕಡ್ಡಿ ಮುರಿದಂಥ ಮಾತು. "ಹಸಿರಿದ್ರ ಮುಂದಿನ ಹಂಗಾಮಿಗೆ ಊರೂರಿಗೆ ಕೊಡೂಣು. ಇಲ್ಲಂದ್ರ ಈ ಕೆಲಸ ಇಲ್ಲಿಗೇ ಬಿಡು."

ಸೋಮವಾರ ಬೆಳಿಗ್ಗೆ ಮಕ್ತುಮಸಾಬ ಹೊಲದಿಂದಲೇ ಕೂಗುತ್ತ ಬಂದ. "ಕುಬ್ರಾ! ಬಾ, ಲಗೂ ಬಾ! ಹಸರ ಆಗ್ಯಾದ!"

ಆಗಿತ್ತು. ಓಡಿ ಬಂದವಳ ಕಣ್ಣು ತುಂಬಿದವು. ಅಪ್ಪ ಆಗಲೇ ಚಹಾದಂಗಡಿಯಲ್ಲಿ ಸಾರಿ ಬಂದಿದ್ದ, ಹಿಕ್ಕಿ ಎಂದು ನಕ್ಕವರೇ ತಮಗೊಂದು ಚೀಲ ಸಿಗುತ್ತದೇನು ಎಂದು ಕೇಳಿದ್ದರಂತೆ. ಅವಳು ಖುಷಿಯಿಂದಲೇ ಮಡಿಗಿಳಿದಳು. ಇಳಿದ ಮೇಲೆ ಕಂಡಿತು: ಹಸಿರು ಎಲ್ಲ ಕಡೆ ಒಂದೇ ಸಮ ಇರಲಿಲ್ಲ. ಮೇಲಿನ ಚಂದ್ರಾಮಪ್ಪನ ಮಡಿಯಿಂದ ನೀರು ಬೀಳುವ ಬಾಯಿಯ ಹತ್ತಿರ ದಟ್ಟ, ಆಚೆ ತುದಿಗೆ ಹೋದಂತೆ ಹಳದಿ. ಕೆಸರಲ್ಲಿ ಕೈಯಾಡಿಸಿ ಒಂದು ಉಂಡೆ ತೆಗೆದು ಒತ್ತಿದಳು. ಹಾಕಿದ ದಿನದಷ್ಟೇ ಗಟ್ಟಿ.

ಒಳಗಿನ ಯೂರಿಯಾವನ್ನು ಅದು ಇನ್ನೂ ಬಿಟ್ಟಂತಿರಲಿಲ್ಲ. ಕೆನಾಲ್ ನೀರು ಪಾಳಿಯ ಮೇಲೆ ಬರುವ ಕಡೆ, ಮೇಲಿನವನು ತನ್ನ ಮಡಿ ತುಂಬಿದ ಕೂಡಲೇ ಕೆಳಗಿನವನಿಗೆ ಬಿಡಬೇಕು. ತಡೆದು ಕೂತವನ ಮನೆಯ ಮದುವೆಗೂ ಯಾರೂ ಹೋಗುವುದಿಲ್ಲ. ಚಂದ್ರಾಮಪ್ಪ ಕಳೆದ ವಾರ ಯೂರಿಯಾ ಎರಚಿ, ಪಾಪ, ಸಾಬರ ಮಡಿ ಒಣಗಬಾರದೆಂದು ಅವತ್ತೇ ಬಾಯಿ ತೆಗೆದಿದ್ದ. ಇದೇ ಊರಲ್ಲಿ ಹುಟ್ಟಿದವಳಿಗೆ ಮೇಲಿನ ಮಡಿಯ ನೀರೆಂದರೆ ಗಾಳಿ ಬೀಸಿದಷ್ಟೇ ಸಹಜ; ಅದರಲ್ಲಿ ಏನು ಕರಗಿ ಬರುತ್ತದೆಂದು ಅವಳು ಯೋಚಿಸಿರಲೇ ಇಲ್ಲ. ಇಷ್ಟು ಓದಿ ಇದು ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಅಷ್ಟರಲ್ಲಿ ಜೀಪು ಬಂದೇಬಿಟ್ಟಿತು. ಮೋನಮ್ಮ ಒಡ್ಡಿನ ಮೇಲೆ ನಿಂತು, "ಚೊಲೊ ಬಂದಾವಲ್ಲ ಎಲಿ!" ಎಂದರು. ಅಪ್ಪನ ಮುಖ ಹಬ್ಬದ ಮುಖ. ಸುಮ್ಮನಿದ್ದರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಬರುವ ಹಂಗಾಮಿಗೆ ಮಂದಿ ಇದನ್ನೇ ನಂಬಿ ಹಾಕಿ, ಭತ್ತ ಹಳದಿಯಾದರೆ? ಆ ಮನೆಗಳ ಅನ್ನ? ಕುಬ್ರಾ ಒಡ್ಡು ಹತ್ತಿ ಬಂದಳು.

"ಮೇಡಂ, ಈ ಹಸರ ನಂದಲ್ಲರಿ. ಚಂದ್ರಾಮಪ್ಪ ಕಾಕಾನ ಯೂರಿಯಾ ನೀರಿನ ಗುಂಟ ಇಳದು ಬಂದಾದ."

ಅಪ್ಪನ ಮುಖ ಇಳಿಯಿತು. ಮೇಲಿನ ಒಡ್ಡಿನಲ್ಲಿದ್ದ ಚಂದ್ರಾಮಪ್ಪ ಸಲಿಕೆ ಊರಿ ನಿಂತ.

"ಅಂದ್ರ ನಾ ಹಾಕಿದ್ದು ನನ್ನ ಭತ್ತಕ್ಕ ಹತ್ತಿಲ್ಲೇನು? ಅದಕ್ಕ ನಡುನಡುವ ಹಳದಿ ತಿರಗೂದು, ನಾ ಮತ್ತ ಮತ್ತ ಎರಚೂದು?"

"ಹೌದ್ರಿ ಕಾಕಾ. ನಮ್ಮ ಮಡ್ಯಾಗೂ ಎಲ್ಲಾ ನಿಂತಿಲ್ಲ. ಉಳದದ್ದು ಹಳ್ಳಕ್ಕ ಹೋಗ್ಯಾದ."

"ಆ ಹಳ್ಳದಾಗ ನಮ್ಮ ದನ ನೀರು ಕುಡೀತಾವ," ಎಂದ ಚಂದ್ರಾಮಪ್ಪ, ಯಾರಿಗೂ ಅಲ್ಲ ಎಂಬಂತೆ.

ಮೋನಮ್ಮ ಬಗ್ಗಿ ಒಂದು ಉಂಡೆ ಎತ್ತಿಕೊಂಡರು. "ಈ ಸಲದ್ದು ಲೆಕ್ಕಕ್ಕ ಬರಂಗಿಲ್ಲ. ಮ್ಯಾಲಿನ ನೀರು ಬಿಟ್ಟು ಬ್ಯಾರೆ ನೀರು ಹಾಯಿಸಿದ್ರ ತಿಂಗಳು ಬಿಟ್ಟು ಬಂದು ನೋಡ್ತೀನಿ. ಬ್ಯಾರೆ ನೀರು ಎಲ್ಲಿಂದ ತರ್ತಿ?"

ಉತ್ತರ ಕೊಟ್ಟವನು ಚಂದ್ರಾಮಪ್ಪ. "ನನ್ನ ಒಡ್ಡಿನ ಗುಂಟ ಕೆನಾಲಿನಿಂದ ಸಣ್ಣ ಕಾಲವಿ ತಕ್ಕೋರಿ." ಗೇಣು ಒಡ್ಡಿಗಾಗಿ ಅಣ್ಣತಮ್ಮಂದಿರು ಕೋರ್ಟು ಹತ್ತುವ ಸೀಮೆಯಲ್ಲಿ ಅವನು ಹಾಗೆಂದ.

ಸಂಜೆಯ ಹೊತ್ತಿಗೆ ಇಬ್ಬರೂ ಮುದುಕರು ಕಾಲುವೆ ಕಡಿದು ಮುಗಿಸಿದರು. ತಿಳಿನೀರು ಮಡಿಗೆ ಇಳಿಯಿತು. ಮಕ್ತುಮಸಾಬ ಸಲಿಕೆಯನ್ನು ಮಗಳ ಕೈಗಿಟ್ಟ.

"ಮ್ಯಾಲಿನ ಬಾಯಿ ನೀನೇ ಮುಚ್ಚು ಬೇಟಾ."

"ಅಪ್ಪಾ, ಮತ್ತ ಹಳದಿ ಆದ್ರ? ಉಣ್ಣಾಕ ಏನ ಮಾಡೂದು?"

"ಆದ್ರ ಹಳದೀನ ನೋಡೂಣು."

ಕುಬ್ರಾ ಸಲಿಕೆಯಿಂದ ಕೆಸರಿನ ಹೆಂಟೆ ಎತ್ತಿ ನೀರಿನ ಬಾಯಿಗೆ ಒತ್ತಿದಳು. ಮೇಲಿನ ಮಡಿಯ ನೀರು ನಿಂತಿತು.