ಡಿಸ್ಕಿನ ಹಣೆ

"ನಾನು ಮಾಡ್ತೀನಿ" ಎಂದುಬಿಟ್ಟಿದ್ದೆ. ಹಾಲಿನ ಸೊಸೈಟಿಯಲ್ಲಿ ಕೆಲಸಕ್ಕೆ ಸೇರಿದ ಎಂಟು ತಿಂಗಳಲ್ಲಿ, ಯಾರೂ ಕೇಳದಿದ್ದರೂ ನಾನಾಗಿ ಆಡಿದ ಮೊದಲ ಮಾತು ಅದು. ಹೇಳಿದ್ದು ಯಾರು ಎಂದು ನಾನೇ ಹಿಂದೆ ತಿರುಗಿ ನೋಡಿದೆ. ಗೋಡೆ ಇತ್ತು.

ನಮ್ಮ ಸೊಸೈಟಿಯ ಕಂಪ್ಯೂಟರ್ ತೆರೆದುಕೊಳ್ಳಲು ಇಪ್ಪತ್ತೆರಡು ನಿಮಿಷ ಬೇಕು. ಅದು ತೆರೆಯದೆ ಹಾಲಿನ ತೂಕವಿಲ್ಲ, ಕೊಬ್ಬಿನ ಅಳತೆಯಿಲ್ಲ, ಚೀಟಿಯಿಲ್ಲ. ಹಾಲು ತಂದವರು ಕ್ಯಾನುಗಳನ್ನು ಸಾಲಿಗಿಟ್ಟು ಕಟ್ಟೆಯ ಮೇಲೆ ಕೂರುತ್ತಿದ್ದರು. ಅಂಬ್ಲಿಗೊಳ ಜಲಾಶಯದಿಂದ ನೀರು ಯಾವಾಗ ಬಿಡುತ್ತಾರೆ ಎಂಬುದರಿಂದ ಹಿಡಿದು ಯಾರ ಮನೆಯ ಸೊಸೆ ತವರಿಗೆ ಹೋದಳು ಎಂಬುದರವರೆಗೆ ಅಷ್ಟರಲ್ಲಿ ಎಲ್ಲ ಮುಗಿಯುತ್ತಿತ್ತು. ಈಚೆಗೆ ಆ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಹಲ್ಲಿಯಂತೆ ಲೊಚಗುಟ್ಟತೊಡಗಿತ್ತು. ಹೊಸ ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ತಂದರೆ ವಿಂಡೋಸ್, ಸದಸ್ಯರ ಪಟ್ಟಿ ಎಲ್ಲವನ್ನೂ ಇದ್ದ ಹಾಗೇ ಅದಕ್ಕೆ ಸಾಗಿಸಬಹುದು ಎಂದು ವಿಡಿಯೋಗಳಲ್ಲಿ ನೋಡಿದ್ದೆ. ನೋಡಿದ್ದೆ, ಅಷ್ಟೇ. ನನ್ನ ಪದವಿ ಇತಿಹಾಸದಲ್ಲಿ.

ಕಾರ್ಯದರ್ಶಿ ಮಲ್ಲೇಶಪ್ಪನವರು ಕನ್ನಡಕ ಮೇಲೆತ್ತಿದರು. "ಯಶೋಧರಾ, ನಿಂಗೆ ಬಾಯೂ ಐತೇನವ್ವಾ? ಮಾಡು ಮತ್ತೆ. ಆದ್ರೆ ಸಂಜಿ ಐದೂಕಾಲಿಗೆ ಹಾಲು ಬರ್ತತೆ. ಅಷ್ಟ್ರಾಗೆ ಇದು ಏಳ್ಲಿಲ್ಲ ಅಂದ್ರೆ ಎಂಬತ್ತು ಮನಿ ಹಾಲು ವಾಪಸ್ ಹೋಗ್ತತೆ, ನೋಡ್ಕ."

ಶಿಕಾರಿಪುರದಿಂದ ತಂದ ಎಸ್‌ಎಸ್‌ಡಿ ಅಂಗೈಯಗಲವೂ ಇರಲಿಲ್ಲ. ಬೆಳಗಿನ ಹಾಲಿನ ಗಾಡಿ ಹೋದ ಮೇಲೆ ಅದನ್ನು ಕೇಬಲ್ಲಿಗೆ ಸಿಕ್ಕಿಸಿದೆ. ತೆರೆಯ ಮೇಲೆ ಎರಡೇ ಪ್ರಶ್ನೆ: ಯಾವುದರಿಂದ? ಯಾವುದಕ್ಕೆ? ಅದಲುಬದಲಾದರೆ ಇರುವುದೆಲ್ಲ ಅಳಿಸಿಹೋಗುತ್ತದೆ. ನಾಲ್ಕು ಸಲ ಓದಿ, ಕಣ್ಣು ಮುಚ್ಚಿ ಒತ್ತಿದೆ. ಹಸಿರು ಪಟ್ಟಿ ಇರುವೆಯಂತೆ ಹೊರಟು ಎರಡೂಮುಕ್ಕಾಲಿಗೆ ನೂರಕ್ಕೆ ನೂರು ಮುಟ್ಟಿತು. ಯಾರೂ ಇರಲಿಲ್ಲವಾದ್ದರಿಂದ ಒಂದು ಸುತ್ತು ಕುಣಿದೆ. ಕೇಬಲ್ ಬಿಚ್ಚಿ, ಎಸ್‌ಎಸ್‌ಡಿಯನ್ನು ಮೇಜಿನ ಮೇಲಿಟ್ಟು ಊಟಕ್ಕೆ ಹೋದೆ.

ಬಂದಾಗ ಮಲ್ಲೇಶಪ್ಪನವರು ತಮ್ಮ ಕುರ್ಚಿಯಲ್ಲಿದ್ದರು. ಹೊಸ ಡಿಸ್ಕನ್ನು ಕಂಪ್ಯೂಟರಿನೊಳಗೆ ಕೂರಿಸಿ ಆನ್ ಮಾಡಿದರೆ ಕಪ್ಪು ತೆರೆ, ಮೇಲೊಂದು ಬಿಳಿ ಸಾಲು: ಡಿಸ್ಕ್ ಇಲ್ಲ. ಬಿಚ್ಚಿ ಮತ್ತೆ ಕೂರಿಸಿದೆ. ಇಲ್ಲ. ಕೇಬಲ್ ಬದಲಿಸಿದೆ. ಇಲ್ಲ. ಹಳೆಯದನ್ನೇ ಹಾಕಿದೆ. ಕೊಡುವುದನ್ನೆಲ್ಲ ಕೊಟ್ಟಾಯಿತಲ್ಲ ಎಂಬಂತೆ ಅದು ಎರಡು ಸಲ ಲೊಚಗುಟ್ಟಿ, ಪೂರ್ತಿ ಸುಮ್ಮನಾಯಿತು. ಗಂಟೆ ಐದು.

ಬಾಗಿಲಲ್ಲಿ ಲೋಕಮ್ಮ ಕ್ಯಾನು ಹಿಡಿದು ನಿಂತಿದ್ದರು. ಸೊರಬದ ಕಡೆಯಿಂದ ಈ ಊರಿಗೆ ಸೊಸೆಯಾಗಿ ಬಂದವರು, ದಿನವೂ ಸಾಲಿನಲ್ಲಿ ಮೊದಲು. "ಎಂತದೇ ಮಾರಾಯ್ತಿ, ಮುಖ ಒಡೆದ ಹಾಲಿನಂಗೆ ಆಗ್ಯದಲೆ!"

ಎಸ್‌ಎಸ್‌ಡಿಯನ್ನು ಮೇಜಿನಿಂದೆತ್ತಿ ಬೆಳಕಿಗೆ ಹಿಡಿದೆ. ಕೇಬಲ್ ಕಚ್ಚುವ ಜಾಗದ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಏನೋ ಬೆಳ್ಳಗೆ ಮೆತ್ತಿತ್ತು. ಮೂಸಿದೆ. ವಿಭೂತಿ!

"ಸರ್, ನಾನು ಊಟಕ್ಕೆ ಹೋದಾಗ ಇದಕ್ಕೆ ಏನಾದ್ರೂ ಹಚ್ಚಿದ್ರಾ?"

"ಪೂಜಿ ಮಾಡೀನವ್ವಾ! ಹೊಸ ಸಾಮಾನು, ಹಂಗೇ ಒಳಗೆ ತುರುಕ್ತಾರೇನು?"

"ಎಲ್ಲಿಗೆ ಹಚ್ಚಿದ್ರಿ?"

"ಹಣಿಗೆ."

"ಇದಕ್ಕೆ ಹಣೆ ಎಲ್ಲಿದೆ ಸರ್?"

"ಬಂಗಾರದಂಗೆ ಹೊಳೀತಿತ್ತಲ್ಲ, ಅದಲ್ಲೇನು?"

ಲೋಕಮ್ಮನಿಗೆ ನಗು ತಡೆಯಲಾಗದೆ ಕ್ಯಾನು ಕೆಳಗಿಡಬೇಕಾಯಿತು. ನನಗೂ ಹತ್ತಿಕೊಂಡಿತು. ನಗುತ್ತಲೇ ಚೀಲದಿಂದ ದಿನಚರಿ ಬರೆಯುವ ಪೆನ್ಸಿಲ್ ತೆಗೆದು, ಅದರ ಹಿಂದಿನ ರಬ್ಬರಿನಿಂದ ಒಂದೊಂದೇ ಹಲ್ಲು ಉಜ್ಜಿದೆ. ನಾನು ಬರೆದ ಎಷ್ಟೋ ಸಾಲುಗಳನ್ನು ಅಳಿಸಿದ ಆ ರಬ್ಬರಿಗೆ ಇದೇ ಅತಿ ದೊಡ್ಡ ಕೆಲಸ. ಊದಿದೆ. ಕೂರಿಸಿದೆ. ಗಂಟೆ ಐದು ಹನ್ನೆರಡು. ಹೊರಗೆ ಸಾಲು ಬೆಳೆದಿತ್ತು. ಗುಂಡಿ ಒತ್ತಿದೆ.

"ಒಂದು, ಎರಡು, ಮೂರು..." ಲೋಕಮ್ಮ ಎಣಿಸತೊಡಗಿದರು.

ಹನ್ನೊಂದು ಎನ್ನುವಷ್ಟರಲ್ಲಿ ತೆರೆ ಬೆಳಗಿತು. ಅದೇ ನೀಲಿ, ಅದೇ ಸದಸ್ಯರ ಪಟ್ಟಿ. ಕಟ್ಟೆಯ ಮೇಲೆ ಇನ್ನೂ ಯಾರೂ ಸರಿಯಾಗಿ ಕೂತಿರಲಿಲ್ಲ.

"ಇಷ್ಟೇಯನೇ?" ಲೋಕಮ್ಮನ ದನಿಯಲ್ಲಿ ಮೋಸಹೋದ ಭಾವ. "ನಾನಿನ್ನೂ ಮಾತೇ ಶುರು ಮಾಡ್ಲಿಲ್ಲ! ಇನ್ನೊಂದ್ಸಲ ಆಫ್ ಮಾಡೇ."

ಮಾಡಿದೆ. ಈ ಸಲ ಇಡೀ ಸಾಲು ಎಣಿಸಿತು. ಹನ್ನೊಂದು! ಮೂರನೆಯ ಸಲ ಎಲ್ಲರಿಗಿಂತ ಜೋರಾಗಿ ಎಣಿಸಿದವಳು ನಾನು. ಆಮೇಲೆ ಮೊದಲ ಚೀಟಿ ಲೋಕಮ್ಮನ ಕೈ ಸೇರಿತು.

ಮಲ್ಲೇಶಪ್ಪನವರು ವಿಭೂತಿಯ ಗಟ್ಟಿ ಹಿಡಿದು ನನ್ನೆದುರು ಬಂದು ನಿಂತರು.

"ತಲಿ ಎತ್ತವ್ವಾ. ಹಣಿ ಎಲ್ಲೈತೆ ಅಂತ ಈ ಸಲ ನಂಗೆ ಬರೋಬ್ಬರಿ ಗೊತ್ತೈತೆ."

ಎತ್ತಿದೆ.