ಸದ್ದಿಲ್ಲದ ಪಾಠ

ಗುಬ್ಬಿ ತಾಲ್ಲೂಕಿನ ಜುಂಜಪ್ಪನಿಗೆ ಮಗಳು ಭೂಮಿಕಾ ಎಂದರೆ ಒಂದು ಕಡೆ ಹೆಮ್ಮೆ, ಇನ್ನೊಂದು ಕಡೆ ತಲೆನೋವು.

ಹೆಮ್ಮೆ ಕೊಬ್ಬರಿ ವಿಷಯದಲ್ಲಿ. ತೆಂಗಿನಕಾಯಿಯನ್ನು ವರ್ಷದ ತನಕ ಅಟ್ಟದ ಮೇಲೆ ಬಿಟ್ಟರೆ ಒಳಗಿನ ನೀರು ಬತ್ತಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿ ಆಗುತ್ತದೆ. ಆಗಿದೆಯೋ ಇಲ್ಲವೋ ನೋಡಬೇಕಾದರೆ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗಡಗಡ ಅಂದರೆ ಸುಲಿಯಬಹುದು, ಇಲ್ಲದಿದ್ದರೆ ಮತ್ತೆ ಅಟ್ಟಕ್ಕೆ. ಭೂಮಿಕಾ ಅಲ್ಲಾಡಿಸಿ ಹೇಳಿದಳೆಂದರೆ ತಪ್ಪುವ ಮಾತೇ ಇಲ್ಲ. ಬಂದವರ ಮುಂದೆಲ್ಲ ಜುಂಜಪ್ಪ ಇದನ್ನೇ ಹೇಳಿಕೊಂಡು ಮೀಸೆ ತಿರುವುತ್ತಿದ್ದ.

ತಲೆನೋವು ಓದಿನದು. ಹುಡುಗಿ ಒಂಬತ್ತನೇ ಕ್ಲಾಸಿಗೆ ಬಂದಿದ್ದಳು. ಮೇಷ್ಟ್ರು ಒಂದು ಕೇಳಿದರೆ ಇವಳು ಇನ್ನೊಂದು ಹೇಳುತ್ತಿದ್ದಳು. ಅವರು ಬೋರ್ಡಿನ ಕಡೆ ತಿರುಗಿದರೆ ಸಾಕು, ಕಿಟಕಿ ಕಡೆ ನೋಡುತ್ತ ಕೂತುಬಿಡುತ್ತಿದ್ದಳಂತೆ. ಗಮನ ಇಲ್ಲ, ದಡ್ಡಿ ಅಂತ ಎಲ್ಲರೂ ತೀರ್ಮಾನ ಮಾಡಿಯಾಗಿತ್ತು.

"ಸಾಕು ಬುಡು," ಎಂದ ಜುಂಜಪ್ಪ ಹೆಂಡತಿ ಸಿದ್ದಲಕ್ಷ್ಮಮ್ಮನಿಗೆ. "ಈ ಪರೀಕ್ಷೆ ಮುಗೀಲಿ, ಶಾಲೆ ಬುಡುಸ್ಬುಡನ. ಮನೇಲಿ ಕಾಯಿ ವಿಂಗಡಿಸ್ಕೊಂಡು ಇರ್ಲಿ."

"ಹತ್ತನೇ ಕ್ಲಾಸೂ ಮುಗಿಸ್ದೇನೇ? ನಂಗಂತೂ ಬಸ್ಸಿನ ಬೋರ್ಡ್ ಓದಾಕೆ ಬರಾಕಿಲ್ಲ, ಅವಳಿಗೂ ಅದೇ ಗತಿನಾ?"

"ತಲೆಗೆ ಹತ್ತದೇ ಇರೋದನ್ನ ನಾನೇನ್ ಅರೆದು ಕುಡಿಸ್ಲಾ?"

ಭೂಮಿಕಾ ಅಲ್ಲೇ ನಿಂತು ಇಬ್ಬರ ಮುಖವನ್ನೂ ಮಿಕಮಿಕ ನೋಡುತ್ತಿದ್ದಳು. ನೋಡಿ, ಇವಳ ವಿಷಯವೇ ಮಾತಾಡುತ್ತಿದ್ದರೂ ಇವಳಿಗೆ ಗ್ಯಾನ ಇಲ್ಲ ಅಂತ ಜುಂಜಪ್ಪನಿಗೆ ಇನ್ನೂ ರೇಗಿತು.

ಅವತ್ತು ಸಂಜೆ ಅಟ್ಟದಿಂದ ಕಾಯಿ ಇಳಿಸಬೇಕಿತ್ತು. ಭೂಮಿಕಾ ಮಾಯ. ಎದುರಿನ ಪಂಚಾಯ್ತಿ ಲೈಬ್ರರಿಗೆ ಹೋಗಿದ್ದಾಳೆ ಎಂದಳು ಸಿದ್ದಲಕ್ಷ್ಮಮ್ಮ. ಅಲ್ಲಿಗೆ ಕಂಪ್ಯೂಟರ್, ಇಂಟರ್‌ನೆಟ್ ಬಂದ ಮೇಲೆ ಹುಡುಗಿ ದಿನಾ ಅಲ್ಲೇ ಇರುತ್ತಿದ್ದಳು. ಜುಂಜಪ್ಪ ದುಸುಮುಸು ಅನ್ನುತ್ತ ಹೋದ.

ಹೋಗಿ ನೋಡಿದರೆ ಪರದೆಯ ಮೇಲೆ ಒಂದು ಹೃದಯ ಬಡಿದುಕೊಳ್ಳುತ್ತಿತ್ತು. ಅದು ಸೀಳಿದ ಹಾಗೆ ತೆರೆದುಕೊಂಡು ಒಳಗಿನ ಕೋಣೆಗಳು ಕಂಡವು. ಒಂದೊಂದೇ ಬಾಗಿಲು ತೆರೆದು ರಕ್ತ ಹರಿಯುತ್ತಿತ್ತು. ಅಬ್ಬಾ! ಜುಂಜಪ್ಪನ ಕೈ ತಾನಾಗಿಯೇ ಎದೆಯ ಮೇಲೆ ಹೋಯಿತು. ಐವತ್ತು ವರ್ಷದಿಂದ ಇದು ನನ್ನೊಳಗೂ ಹೀಗೇ ನಡೀತಿದೆಯಾ ಎಂದು ಬೆರಗಾಗಿ ನಿಂತ. ಆಮೇಲೆ ಸಿಟ್ಟು ನೆನಪಾಯಿತು.

"ಸೌಂಡೇ ಬರ್ತಿಲ್ವಲ್ಲ! ಮೂಗ ಬೊಂಬೆ ನೋಡ್ಕೊಂಡು ಕೂತವ್ಳೆ."

ಲೈಬ್ರರಿ ನೋಡಿಕೊಳ್ಳುವ ಅರುಣಾ ನಕ್ಕಳು. "ಜುಂಜಪ್ಪಣ್ಣ, ಕೆಳಗೆ ನೋಡಿ. ಪಾಠ ಹೇಳೋರ ಮಾತೆಲ್ಲ ಕನ್ನಡದಲ್ಲಿ ಅಕ್ಷರ ಆಗಿ ಬರ್ತಿದೆ. ಇವಳು ಓದ್ಕೊಂಡೇ ಕಲೀತಾಳೆ. ಅರ್ಥ ಆಗದಿದ್ರೆ ನಿಲ್ಲಿಸ್ತಾಳೆ, ಮತ್ತೆ ಹಾಕ್ತಾಳೆ. ಏನಾದ್ರೂ ಕೇಳಿ ನೋಡಿ."

ಜುಂಜಪ್ಪನಿಗೆ ಏನು ಕೇಳಬೇಕೋ ತಿಳಿಯಲಿಲ್ಲ. ಅರುಣಾಳೇ ಮಗುವಿನ ಎದುರಿಗೆ ಕೂತು ಕೇಳಿದಳು. ಭೂಮಿಕಾ ಬೆರಳಲ್ಲಿ ತೋರಿಸುತ್ತ, ರಕ್ತ ಎಲ್ಲಿಂದ ಬರುತ್ತದೆ, ಎಲ್ಲಿ ಶುದ್ಧವಾಗುತ್ತದೆ, ಮತ್ತೆ ಯಾವ ದಾರಿ ಹಿಡಿಯುತ್ತದೆ ಎಂದು ಪಟಪಟನೆ ಹೇಳಿದಳು. ಜುಂಜಪ್ಪ ಬಾಯಿ ಬಿಟ್ಟುಕೊಂಡು ಕೇಳಿದ. ಇವಳು ನನ್ನ ದಡ್ಡಿ ಮಗಳೇನಾ?

"ಅಣ್ಣಾ, ಬೇಜಾರು ಮಾಡ್ಕೋಬೇಡಿ," ಎಂದಳು ಅರುಣಾ. "ಎದುರಿಗಿದ್ರೆ ಬಾಯಿ ನೋಡಿ ತಿಳ್ಕೋತಾಳೆ, ನಾನು ಹಿಂದಿನಿಂದ ಕರೆದ್ರೆ ಇವಳು ತಿರುಗೋದೇ ಇಲ್ಲ. ಕಿವಿ ಒಂದ್ಸಲ ತೋರಿಸಿದ್ದೀರಾ?"

ಜುಂಜಪ್ಪ ಕೆರಳಿದ. "ಕಿವಿಗೇನ್ ಬಂದೈತೆ? ಕಾಯೊಳಗಿನ ಕೊಬ್ಬರಿ ಸದ್ದು ಹಿಡಿಯೋಳು ಕಣಮ್ಮ ಇವ್ಳು! ಇರು, ತೋರಿಸ್ತೀನಿ." ದಾಪುಗಾಲು ಹಾಕಿ ಮನೆಗೆ ಹೋಗಿ ಎರಡು ಕಾಯಿ ತಂದ. ಹಿಂದೆಯೇ ಸಿದ್ದಲಕ್ಷ್ಮಮ್ಮನೂ ಬಂದಳು. ಭೂಮಿಕಾ ಎರಡನ್ನೂ ಅಲ್ಲಾಡಿಸಿ, "ಇದಾಗಿದೆ, ಇದಿನ್ನೂ ಆಗಿಲ್ಲ," ಎಂದಳು. ಸರಿಯಾಗಿಯೇ ಹೇಳಿದಳು.

"ನೋಡಿದ್ಯಾ?"

"ಈಗ ಅವಳ ಕೈಗೆ ಕೊಡಬೇಡಿ ಅಣ್ಣಾ. ನೀವೇ ಅವಳ ಕಿವಿ ಹತ್ರ ಅಲ್ಲಾಡಿಸಿ."

ಜುಂಜಪ್ಪ ಒಣಗಿದ ಕಾಯಿಯನ್ನು ಹಿಡಿದು ಅಲ್ಲಾಡಿಸಿದ. ಇಡೀ ಕೋಣೆಗೆ ಕೇಳುವಷ್ಟು ಗಡಗಡ. ಭೂಮಿಕಾ ಸುಮ್ಮನಿದ್ದಳು. ಇನ್ನೊಂದು ಕಿವಿಯ ಹತ್ತಿರ ಹಿಡಿದ. ಆಗಲೂ ಸುಮ್ಮನಿದ್ದಳು.

"ಕೈಗೆ ಕೊಡಪ್ಪಾ," ಎಂದಳು ಕೊನೆಗೆ. "ಅಂಗೈಗೆ ಗೊತ್ತಾಗ್ತದೆ."

ಜುಂಜಪ್ಪ ಅವಳ ಮುಖದ ಮುಂದೆ ಬಂದು, ತನ್ನ ಕಿವಿ ಮುಟ್ಟಿ ತೋರಿಸಿ ಕೇಳಿದ. "ಕಿವೀಲಿ ಕೇಳ್ಸಾಕಿಲ್ವಾ ಮಗಾ?"

ಹುಡುಗಿ ಅಪ್ಪನನ್ನೇ ಆಶ್ಚರ್ಯದಿಂದ ನೋಡಿದಳು. "ಇದು ಕಿವೀಲಿ ಕೇಳೋದಾ?"

ಜುಂಜಪ್ಪನ ಕೈಯಿಂದ ಕಾಯಿ ಜಾರಿತು. ಸಿದ್ದಲಕ್ಷ್ಮಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಇಷ್ಟು ವರ್ಷ ಕೂಗಿದ್ದು, ಬೈದಿದ್ದು, ದಡ್ಡಿ ಅಂದದ್ದು ಎಲ್ಲ ಅಪ್ಪನಿಗೆ ಒಂದೊಂದಾಗಿ ನೆನಪಾಯಿತು.

"ಅಳೋದು ಆಮೇಲೆ ಅಕ್ಕಾ," ಎಂದಳು ಅರುಣಾ. "ನಾಳೆಯೇ ತುಮಕೂರಿನ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ ಕಿವಿ ಪರೀಕ್ಷೆ ಮಾಡ್ಸಿ. ಅಲ್ಲೀತನಕ ಇದನ್ನ ನೋಡಿ." ತನ್ನ ಫೋನ್ ತೆಗೆದು ಏನೋ ಒತ್ತಿದಳು. "ಅಣ್ಣಾ, ಇದರ ಮುಂದೆ ಮಾತಾಡಿ. ನೀವು ಆಡಿದ್ದೆಲ್ಲ ಅಕ್ಷರ ಆಗುತ್ತೆ. ಆಗಾಗ ಒಂದೊಂದು ತಪ್ಪೂ ಬೀಳುತ್ತೆ, ಆದ್ರೆ ಇವಳಿಗೆ ಅರ್ಥ ಆಗುತ್ತೆ."

"ನನ್ ಮಾತಾ? ನಮ್ಮ ಹಳ್ಳಿ ಮಾತು ಅದಕ್ಕೇನ್ ತಿಳೀತದೆ?"

ಅವನು ಹೇಳಿ ಮುಗಿಸುವಷ್ಟರಲ್ಲಿ ಅದಷ್ಟೂ ಪರದೆಯ ಮೇಲೆ ಮೂಡಿತ್ತು! ಭೂಮಿಕಾ ಓದಿ ಕಿಲಕಿಲ ನಕ್ಕಳು. ಜುಂಜಪ್ಪನ ಮೈ ಜುಮ್ಮೆಂದಿತು. ಬಾಯಿಂದ ಹೊರಟ ಮಾತು ಗಾಳಿಯಲ್ಲಿ ಹೋಗಿ, ಮಗಳ ಕಣ್ಣಿಗೆ ಬೀಳುತ್ತಿದೆ! ಎರಡು ಕೈಯಲ್ಲೂ ಫೋನ್ ಹಿಡಿದುಕೊಂಡು ಮೆಲ್ಲಗೆ ಹೇಳಿದ.

"ಮಗಾ, ನೀನು ದಡ್ಡಿ ಅಲ್ಲ ಕಣವ್ವ. ನಂಗೇ ಗೊತ್ತಾಗ್ಲಿಲ್ಲ. ಶಾಲೆ ಬುಡುಸಾಕಿಲ್ಲ."

ಭೂಮಿಕಾ ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಫೋನನ್ನು ಅಪ್ಪನ ಬಾಯಿಯ ಹತ್ತಿರ ತಳ್ಳಿದಳು.

"ಇನ್ನೂ ಮಾತಾಡಪ್ಪಾ."

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಭೂಮಿಕಾಳ ಕಿವಿಗೆ ಈಗ ಮಷೀನ್ ಬಂದಿದೆ. ಮೇಷ್ಟ್ರು ಮಕ್ಕಳ ಕಡೆ ಮುಖ ಮಾಡಿಯೇ ಪಾಠ ಹೇಳುತ್ತಾರೆ. ಸಂಜೆ ಅವಳ ಜೊತೆ ಅಪ್ಪನೂ ಲೈಬ್ರರಿಯಲ್ಲಿ ಕೂರುತ್ತಾನೆ. ನಿಮ್ಮ ಮಗು ಓದಿನಲ್ಲಿ ಹಿಂದಿದ್ದರೆ ಬೈಯುವ ಮೊದಲು ಕಿವಿ, ಕಣ್ಣು ಪರೀಕ್ಷೆ ಮಾಡಿಸಿ. ಮಗು ಫೋನ್ ಹಿಡಿದ ಕೂಡಲೇ ಕಿತ್ತಿಡಬೇಡಿ. ಪಕ್ಕದಲ್ಲಿ ಕೂತು, ಅದರಲ್ಲಿ ಏನು ನೋಡುತ್ತಿದೆ, ಹೇಗೆ ಕಲಿಯುತ್ತಿದೆ ಕೇಳಿ. ನಿಮ್ಮೂರಿನ ಲೈಬ್ರರಿಯಲ್ಲಿ ಇಂಟರ್‌ನೆಟ್ ಇದೆಯಾ ವಿಚಾರಿಸಿ. ನಾಳೆ ಅನ್ನಬೇಡಿ, ಇವತ್ತೇ ಮಗುವನ್ನು ಕರೆದುಕೊಂಡು ಹೋಗಿ. ಅದು ಎಷ್ಟು ದಿನದಿಂದ ಕಾಯುತ್ತಿದೆಯೋ ಯಾರಿಗೆ ಗೊತ್ತು.