ಕೋಟಿನಣ್ಣನ ತಣ್ಣನೆಯ ಕಾಫಿಗಳು

ಬೇಸಿಗೆಯ ನಡುಹಗಲಿನಲ್ಲಿ, ಬೀದಿಯ ಡಾಂಬರು ಚಪ್ಪಲಿಯ ಅಡಿಗೆ ಮೆತ್ತಗೆ ಅಂಟಿಕೊಳ್ಳುವ ಹೊತ್ತಿನಲ್ಲಿ, ಮೊಣಕಾಲಿನವರೆಗೆ ಇಳಿಬಿದ್ದ ದಪ್ಪ ಉಣ್ಣೆಯ ಕೋಟು ತೊಟ್ಟು, ಅದರ ಗುಂಡಿಗಳನ್ನು ಗಂಟಲಿನವರೆಗೂ ಹಾಕಿಕೊಂಡು, ಮುಖದ ಮೇಲೆ ಒಂದು ಹನಿ ಬೆವರಿಲ್ಲದೆ ನಿಂತಿರುವ ಮನುಷ್ಯನನ್ನು ಮೊದಲ ಸಲ ಕಂಡವರು ಒಂದೋ ಜ್ವರವಿರಬೇಕೆಂದು ಭಾವಿಸುತ್ತಿದ್ದರು, ಇಲ್ಲವೇ ತಲೆ ಕೊಂಚ ಸಡಿಲವಿರಬೇಕೆಂದು. ಎರಡೂ ನಿಜವಲ್ಲ. ಇಪ್ಪತ್ತೆರಡು ವರ್ಷ ಮಂಜುಗಡ್ಡೆಯ ಕಾರ್ಖಾನೆಯಲ್ಲಿ ದುಡಿದ ಅವರ ಮೈ ಬೇಸಿಗೆಯೆಂಬ ಋತುವನ್ನೇ ಮರೆತುಬಿಟ್ಟಿತ್ತು. ಕಾರ್ಖಾನೆ ಬಿಟ್ಟ ಮೇಲೂ ದಿನವಿಡೀ ಮೊಣಕೈವರೆಗೆ ಐಸಿನ ಪೆಟ್ಟಿಗೆಯೊಳಗೆ ಕೈಯಾಡಿಸುವುದೇ ಅವರ ಕೆಲಸವಾಗಿತ್ತು. ನಾವು ಅವರನ್ನು ಕೋಟಿನಣ್ಣ ಎಂದು ಕರೆಯುತ್ತಿದ್ದೆವು. ಅವರ ಹೆಂಡತಿಯನ್ನು ಅಕ್ಕ ಎನ್ನುತ್ತಿದ್ದೆವು. ಹೀಗೆ ಅಣ್ಣ ಅಕ್ಕ ಎಂದು ಕರೆದು ಗಂಡಹೆಂಡಿರನ್ನು ಒಡಹುಟ್ಟಿದವರನ್ನಾಗಿ ಮಾಡಿಬಿಟ್ಟಿದ್ದೇವೆಂಬ ಪರಿವೆ ನಮಗಿರಲಿಲ್ಲ; ಅಕ್ಕನೇ ಒಂದು ದಿನ ನಗುತ್ತ ಹೇಳಿದ ಮೇಲೂ ರೂಢಿ ಬಿಡಲಿಲ್ಲ.

ಅವರ ನಡಿಗೆಯೂ ಕಾರ್ಖಾನೆಯಿಂದ ಬಂದದ್ದೇ. ಒದ್ದೆ ನೆಲದ ಮೇಲೆ ಜಾರದಂತೆ ನಡೆಯಲು ಕಲಿತವರು ಹೆಜ್ಜೆಯನ್ನು ಎತ್ತುವುದಿಲ್ಲ, ಸರಿಸುತ್ತಾರೆ. ಒಣಗಿದ ಬೀದಿಯಲ್ಲೂ ಕೋಟಿನಣ್ಣ ಹಾಗೆಯೇ ಪಾದ ಸವರಿಕೊಂಡು ಬರುತ್ತಿದ್ದರು. ನಾನು ಕರಡು ತಿದ್ದುತ್ತಿದ್ದ ಮುದ್ರಣಾಲಯದ ಕಿಟಕಿಯ ಕೆಳಗೆ ಬೆಳಗ್ಗೆ ಎಂಟಕ್ಕೆ ಸರಿಯಾಗಿ ಆ ಸರಪರ ಸದ್ದು ಕೇಳಿಸಿತೆಂದರೆ ಅಂಗಡಿ ತೆರೆಯಿತೆಂದೇ ಅರ್ಥ. ಅಂಚೆ ಕಚೇರಿಯ ಬೆನ್ನಿಗಿದ್ದ ಆ ಅಂಗಡಿ ಒಂದು ಉದ್ದನೆಯ, ಕಿರಿದಾದ ಕೋಣೆ. ಕಲ್ಲಿನ ನೆಲ, ಮೂರು ಬೆಂಚು, ಎದೆಮಟ್ಟದ ಎರಡು ಐಸ್ ಪೆಟ್ಟಿಗೆ, ಗಾಜಿನ ನಾಲ್ಕು ದೊಡ್ಡ ಜಾಡಿ. ಬೇಸಿಗೆಯ ನಾಲ್ಕು ತಿಂಗಳು ಮಾತ್ರ ಅಲ್ಲಿ ಕಾಫಿ. ಉಳಿದ ಎಂಟು ತಿಂಗಳು ಅದೇ ಕೋಣೆಯಲ್ಲಿ ಅವರು ಜನರ ಕೆಟ್ಟ ಫ್ರಿಜ್ಜುಗಳನ್ನು ರಿಪೇರಿ ಮಾಡುತ್ತಿದ್ದರು.

ಕಾಫಿ ಎಂದರೆ ತಣ್ಣನೆಯದು ಮಾತ್ರ. ಬಿಸಿ ಕೇಳಿದವರಿಗೆ ಬೀದಿಯ ಮೂಲೆಯ ಹೋಟೆಲನ್ನು ಬೆರಳಲ್ಲಿ ತೋರಿಸಿ ಸುಮ್ಮನಾಗುತ್ತಿದ್ದರು. ಇದನ್ನು ನಾವು ಕಸುಬುದಾರನ ಜಂಬವೆಂದು ತಿಳಿದು ಮೆಚ್ಚಿಕೊಂಡಿದ್ದೆವು ಕೂಡ. ಆದರೆ ಸುಮ್ಮನೆ "ಒಂದು ಕೋಲ್ಡ್ ಕಾಫಿ" ಎಂದವರಿಗೂ ಅಷ್ಟು ಸುಲಭವಾಗಿ ಲೋಟ ಸಿಗುತ್ತಿರಲಿಲ್ಲ. ಒಮ್ಮೆ ಕಕ್ಷಿದಾರನೊಬ್ಬನ ಕೈಲಿ ಫೈಲುಗಳನ್ನು ಹೊರಿಸಿಕೊಂಡು ಬಂದ ವಕೀಲರು, ಹಣೆ ಒರೆಸಿಕೊಳ್ಳುತ್ತ, "ಯಾವುದಾದ್ರೂ ಒಂದು ಕೊಡಪ್ಪ, ತಣ್ಣಗಿದ್ರೆ ಸಾಕು" ಎಂದರು.

ಕೋಟಿನಣ್ಣ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟರು. "ಯಾವುದಾದ್ರೂ ಒಂದು ಕಾನೂನು ಹಾಕಿ ಅಂತ ನೀವು ಜಡ್ಜಿಗೆ ಹೇಳ್ತೀರಾ ಸಾರ್? ಬಿಸಿಯಾಗಿದ್ದು ತಣ್ಣಗಾಗೋದು ಬೇರೆ. ಹುಟ್ಟಿದಾಗಿನಿಂದ ತಣ್ಣಗೇ ಇರೋದು ಬೇರೆ."

"ಅದು ಬೇರೆ, ಇದು ಬೇರೆ" ಎಂಬುದೇ ಅವರ ಮಾತಿನ ಪಲ್ಲವಿ. ಹುಟ್ಟಿದಾಗಿನಿಂದ ತಣ್ಣಗಿರುವುದೆಂದರೆ, ದಪ್ಪ ತರಿಯಾಗಿ ಬೀಸಿದ ಪುಡಿಯನ್ನು ಸಂಜೆ ತಣ್ಣೀರಿನಲ್ಲಿ ನೆನೆಹಾಕಿ, ಹದಿನಾರು ಗಂಟೆ ಅದರ ಪಾಡಿಗೆ ಬಿಟ್ಟು, ಮರುದಿನ ಬಟ್ಟೆಯಲ್ಲಿ ಸೋಸಿದ್ದು. ಬೆಂಕಿಯನ್ನೇ ಕಾಣದ ಆ ಕಾಫಿಗೆ ಹುಳಿಯಿಲ್ಲ, ಸಿಡುಕಿಲ್ಲ. ನಾಲಿಗೆಯ ಮೇಲೆ ಭಾರವಾಗಿ, ಮೆತ್ತಗೆ, ಸಕ್ಕರೆ ಹಾಕದಿದ್ದರೂ ಎಲ್ಲೋ ಒಂದೆಳೆ ಸಿಹಿಯಾಗಿ ಕೂರುತ್ತದೆ. ಅದಕ್ಕೆ ಅವರು ಇಟ್ಟ ಹೆಸರು 'ಸಾಧು'. ಕುದಿನೀರಿನಲ್ಲಿ ಎರಡರಷ್ಟು ಗಟ್ಟಿಯಾಗಿ ಇಳಿಸಿದ ಡಿಕಾಕ್ಷನ್ನನ್ನು ಐಸಿನ ಮೇಲೆ ಒಮ್ಮೆಗೇ ಸುರಿದದ್ದು 'ಸಿಡುಕ'. ಅದರ ಹುಳಿಯೂ ಕಹಿಯೂ ಘಮವೂ ಬೆಚ್ಚಿಬಿದ್ದು ಹಾಗೆಯೇ ಹೆಪ್ಪುಗಟ್ಟಿರುತ್ತವೆ, ಐಸು ಕರಗಿದಂತೆಲ್ಲ ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಎರಡರಷ್ಟು ಗಟ್ಟಿ ಯಾಕೆಂದರೆ ಐಸು ತನ್ನ ಪಾಲನ್ನು ನೀರಾಗಿ ಸೇರಿಸಿಯೇ ಸೇರಿಸುತ್ತದೆ. ಹಾಲು, ಸಕ್ಕರೆ, ಐಸು ಎಲ್ಲವನ್ನೂ ಮಿಕ್ಸಿಯಲ್ಲಿ ಗಿರ್ರೆನ್ನಿಸಿದ್ದನ್ನು ಮಾತ್ರ ಅವರು ಕೊಂಚ ಉದಾಸೀನದಿಂದ 'ಮಗು' ಎನ್ನುತ್ತಿದ್ದರು. "ಅದರಲ್ಲಿ ಕಾಫಿ ಇದೆ ಅನ್ನೋದು ಹಾಲಿಗೇ ಗೊತ್ತಿರಲ್ಲ. ಆದ್ರೂ ತಪ್ಪೇನಿಲ್ಲ, ಕೆಲವು ದಿನ ಮನುಷ್ಯನಿಗೆ ಅದೇ ಬೇಕಾಗಿರುತ್ತೆ."

ಇನ್ನೊಂದಿತ್ತು, ಹೆಸರಿಲ್ಲದ್ದು. ಕಾಫಿಯನ್ನೇ ಚೌಕ ಚೌಕವಾಗಿ ಹೆಪ್ಪುಗಟ್ಟಿಸಿ, ಆ ಕಂದು ತುಂಡುಗಳನ್ನು ಒಂದು ಲೋಟ ತಣ್ಣನೆಯ ಹಾಲಿನಲ್ಲಿ ಬಿಟ್ಟು ಕೊಡುವುದು. ಮೊದಲ ಗುಟುಕು ಬರೀ ಹಾಲು. ಕಾಲು ಗಂಟೆಗೆ ಹಾಲಿಗೊಂದು ನೆರಳು ಬೀಳುತ್ತದೆ. ಅರ್ಧ ಗಂಟೆಗೆ ಪೂರ್ತಿ ಕಾಫಿ. ಇದನ್ನು ಯಾರೂ ಕೇಳಿ ಪಡೆಯುವಂತಿರಲಿಲ್ಲ. ಎದುರಿನ ಆಸ್ಪತ್ರೆಯಲ್ಲಿ ತಮ್ಮವರನ್ನು ಬಿಟ್ಟು ವರದಿಗಾಗಿ ಕಾಯುವವರು ಬಂದು ಕುಳಿತರೆ ಅವರ ಮುಂದೆ ಇದು ತಾನಾಗಿ ಬರುತ್ತಿತ್ತು. "ಕಾಯೋರಿಗೆ ಕರಗಿ ನೀರಾಗೋದನ್ನ ಕೊಡಬಾರದು, ಕರಗಿದಷ್ಟೂ ಗಟ್ಟಿಯಾಗೋದನ್ನ ಕೊಡಬೇಕು" ಎಂದು ಒಮ್ಮೆ ನನ್ನ ಕಿವಿಯಲ್ಲಿ ಹೇಳಿ, ಇಷ್ಟು ಹೇಳಿದ್ದೇ ಹೆಚ್ಚಾಯಿತೆಂಬಂತೆ ಪೆಟ್ಟಿಗೆಯೊಳಗೆ ತಲೆ ಹಾಕಿಬಿಟ್ಟರು.

ಅಕ್ಕನ ಕೆಲಸ ಬೆಳಗಿನದು. ಪುಡಿಯ ಡಬ್ಬಿಯ ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ಮೂಗಿನ ಹತ್ತಿರ ಹಿಡಿದು ಒಂದು ದೀರ್ಘ ಉಸಿರೆಳೆದುಕೊಂಡು, "ಹ್ಞೂಂ" ಎನ್ನುವುದು. ಅದಾದ ಮೇಲೆ ಅಳೆಯುವುದು, ಬೆರೆಸುವುದು, ಸೋಸುವುದು ಎಲ್ಲ ಕೋಟಿನಣ್ಣನದು. ಆಕೆಯ ಆ ಉಸಿರನ್ನು ನಾವು ಯಾವುದೋ ಖಾಸಗಿ ಅಭ್ಯಾಸವೆಂದು ಬಗೆದು ಅದರ ಬಗ್ಗೆ ಯೋಚಿಸಿಯೇ ಇರಲಿಲ್ಲ.

ಒಂದು ಬೇಸಿಗೆಯ ಆರಂಭದಲ್ಲಿ ಅಕ್ಕ ಮನೆಯ ಮೆಟ್ಟಿಲಿನಿಂದ ಜಾರಿಬಿದ್ದು ಕಾಲಿನ ಗೆಣ್ಣು ಮುರಿದುಕೊಂಡರು. ಇವರ ಮನೆ ಮೂರನೆಯ ಮಹಡಿಯಲ್ಲಿ. ಆರು ವಾರ ಮೆಟ್ಟಿಲು ಹತ್ತಬಾರದೆಂದು ವೈದ್ಯರು ಹೇಳಿದ್ದರಿಂದ, ನೆಲಮಟ್ಟದಲ್ಲಿ ಮನೆಯಿದ್ದ ತಂಗಿ ಬಂದು ಕರೆದುಕೊಂಡು ಹೋದಳು. ಕೋಟಿನಣ್ಣ ಒಬ್ಬರೇ ಅಂಗಡಿ ನಡೆಸತೊಡಗಿದರು. ಎಂಟು ದಿನ ಏನೂ ಆಗಲಿಲ್ಲ. ಒಂಬತ್ತನೆಯ ದಿನ ಜಾಡಿಗಳಲ್ಲಿದ್ದದ್ದು ಹಿಂದಿನ ಸಂಜೆ ನೆನೆಹಾಕಿದ ಹೊಸ ಡಬ್ಬಿಯ ಪುಡಿ.

ಆ ದಿನ ಮಧ್ಯಾಹ್ನ ನಾನು 'ಸಾಧು'ವಿನ ಮೊದಲ ಗುಟುಕು ಕುಡಿದಾಗ ಮೂಗಿಗೆ ಏನೋ ಚುಚ್ಚಿತು. ನೆಲ ಒರೆಸಿದ ವಾಸನೆ. ಲೋಟ ಸರಿಯಾಗಿ ತೊಳೆದಿಲ್ಲವೇನೋ ಅಂದುಕೊಂಡು, ಇಷ್ಟು ವರ್ಷದ ಸ್ನೇಹದಲ್ಲಿ ಒಂದು ಲೋಟಕ್ಕಾಗಿ ಮಾತೆತ್ತುವುದು ಚೆನ್ನಲ್ಲವೆಂದು, ಅರ್ಧ ಕುಡಿದು ಎದ್ದೆ. ನನ್ನ ಪಕ್ಕದ ಅಂಚೆ ಗುಮಾಸ್ತರೂ ಅರ್ಧ ಬಿಟ್ಟು, ಹೊಟ್ಟೆ ಸರಿಯಿಲ್ಲವೆಂದು ಹೇಳಿ ಎದ್ದರು. ಹೀಗೆಯೇ ಒಬ್ಬರ ಹಿಂದೊಬ್ಬರು. ಕೋಟಿನಣ್ಣ ಅರ್ಧ ಉಳಿದ ಲೋಟಗಳನ್ನು ಒಂದೊಂದಾಗಿ ಎತ್ತಿ, ನಾಲಿಗೆಗೆ ತಾಗಿಸಿ ನೋಡಿ, ಏನೂ ಅರ್ಥವಾಗದೆ ನಮ್ಮ ಮುಖಗಳನ್ನು ನೋಡುತ್ತಿದ್ದರು. ಮರುದಿನವೂ ಅದೇ ಆಯಿತು.

ಮಾತಾಡಿದವರು ನರ್ಸಮ್ಮ. ಆಸ್ಪತ್ರೆಯಿಂದ ನಿವೃತ್ತರಾಗಿ ಹತ್ತು ವರ್ಷವಾಗಿದ್ದರೂ ವಾರ್ಡಿನ ದನಿಯನ್ನು ಬಿಡದಿದ್ದ ಹೆಂಗಸು. ಒಂದು ಗುಟುಕು ಬಾಯಿಗೆ ಹಾಕಿಕೊಂಡವರೇ ಎದ್ದು ಹೋಗಿ ಚರಂಡಿಗೆ ಉಗಿದು ಬಂದರು.

"ಏನಪ್ಪ ಇದು, ಫಿನಾಯಿಲ್ ವಾಸನೆ! ಮೂಗು ಮುಚ್ಕೊಂಡು ಮಾಡಿದ್ಯಾ?"

ಕೋಟಿನಣ್ಣ ಆ ಲೋಟವನ್ನು ತೆಗೆದುಕೊಂಡು ಮೂಗಿನ ಹತ್ತಿರ ಒಯ್ದರು. ನಾವೆಲ್ಲ ನೋಡುತ್ತಿದ್ದೆವು. ಬಹಳ ಹೊತ್ತು ಹಾಗೆಯೇ ಹಿಡಿದುಕೊಂಡಿದ್ದರು. ಒಂದು ಸುಳ್ಳು ಹೇಳಲು ಬೇಕಾದಷ್ಟು ಸಮಯ ಅಲ್ಲಿತ್ತು. ಆ ಸುಳ್ಳು ಅವರ ಮುಖದ ಮೇಲೆ ಬಂದು, ನಿಂತು, ಹೊರಟುಹೋದದ್ದನ್ನೂ ನಾನು ಕಂಡೆನೆಂದೇ ತೋರುತ್ತದೆ. ಕೊನೆಗೆ ಲೋಟವನ್ನು ಕೆಳಗಿಟ್ಟು ಹೇಳಿದರು.

"ನನಗೆ ವಾಸನೆ ಬರಲ್ಲಮ್ಮ. ಹನ್ನೊಂದು ವರ್ಷ ಆಯ್ತು."

ಉಳಿದದ್ದನ್ನೂ ಅವರೇ ನಿಂತಲ್ಲೇ ಹೇಳಿದರು. ಕಾರ್ಖಾನೆಯಲ್ಲಿ ನೀರನ್ನು ಹೆಪ್ಪುಗಟ್ಟಿಸಲು ಬಳಸುವ ಅಮೋನಿಯದ ಕೊಳವೆ ಒಂದು ಬೆಳಗ್ಗೆ ಒಡೆಯಿತು. ಎಲ್ಲರೂ ಹೊರಗೆ ಓಡಿದರು. ಜೊತೆಗಾರನೊಬ್ಬ ಯಂತ್ರದ ಹಿಂದೆ ಸಿಕ್ಕಿಕೊಂಡಿದ್ದ. ಇವರು ಒದ್ದೆ ಟವೆಲನ್ನು ಮುಖಕ್ಕೆ ಕಟ್ಟಿಕೊಂಡು ಒಳಗೆ ಹೋದರು. ಮೊದಲ ಸಲ ಆತ ಸಿಗಲಿಲ್ಲ. ಎರಡನೆಯ ಸಲ ಹೋಗುವಾಗ ಟವೆಲು ಜಾರಿತು, ಕಟ್ಟಿಕೊಳ್ಳುತ್ತ ನಿಲ್ಲುವಷ್ಟು ವ್ಯವಧಾನವಿರಲಿಲ್ಲ. ಜೊತೆಗಾರ ಬದುಕಿದ. ಇವರ ಕಣ್ಣು ಉಳಿಯಿತು, ಶ್ವಾಸಕೋಶ ಉಳಿಯಿತು, ಮೂಗು ಮಾತ್ರ ಹೋಯಿತು.

"ಆಸ್ಪತ್ರೆಯಿಂದ ಮನೆಗೆ ಬಂದ ದಿನ ಇವಳು ಬಿಸಿಬಿಸಿ ಕಾಫಿ ಕೊಟ್ಟಳು. ಬಾಯಿಗಿಟ್ರೆ ಬರೀ ಕಹಿ ನೀರು. ಬಿಸಿ ಕಾಫಿಯಲ್ಲಿ ಅರ್ಧಕ್ಕರ್ಧ ವಾಸನೆನೇ ಅಂತ ಅವತ್ತು ಗೊತ್ತಾಯ್ತು. ಒಂದು ತಿಂಗಳು ಕಾಫಿ ಮುಟ್ಟಲಿಲ್ಲ. ಒಂದಿನ ಫ್ರಿಜ್ಜಲ್ಲಿ ಮರೆತಿಟ್ಟಿದ್ದು ಸಿಕ್ತು, ನೀರು ಅಂತ ಕುಡಿದೆ. ಅದರಲ್ಲಿ ನಾಲಿಗೆಗೆ ಏನೋ ಇತ್ತು. ಭಾರ ಇತ್ತು, ಹುಳಿ ಇತ್ತು, ಒಂಚೂರು ಸಿಹಿ ಇತ್ತು. ಸರಿ, ಇಷ್ಟಾದ್ರೂ ಉಳಿದಿದೆಯಲ್ಲ, ಇದನ್ನೇ ಕಲಿಯೋಣ ಅಂದ್ಕೊಂಡೆ. ಪುಡಿ ಕೆಟ್ಟಿದೆಯೋ ಇಲ್ವೋ ಇವಳು ನೋಡ್ತಿದ್ದಳು. ಇವತ್ತು ಇವಳಿಲ್ಲ."

"ಮೊದಲೇ ಹೇಳೋಕೆ ಏನಾಗಿತ್ತು ನಿನಗೆ?" ಎಂದರು ನರ್ಸಮ್ಮ.

"ವಾಸನೆ ಬರದೋನ ಕೈಯಲ್ಲಿ ಕಾಫಿ ಯಾರಮ್ಮ ಕುಡೀತಾರೆ?"

ಕೋಟಿನಣ್ಣ ನನ್ನ ಕಡೆ ತಿರುಗಿದರು. "ನೀವು ಎರಡು ದಿನ ಕುಡಿದ್ರಿ. ನಿಮಗೆ ಗೊತ್ತಾಯ್ತಾ?"

"ಗೊತ್ತಾಯ್ತು."

"ಮತ್ತೆ ಯಾಕೆ ಹೇಳಲಿಲ್ಲ?"

ಬೇರೆಯವರ ಬರಹದಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಕೆಂಪು ಶಾಯಿಯಲ್ಲಿ ಸುತ್ತು ಹಾಕುವುದು ನನ್ನ ಉದ್ಯೋಗ. ಕೋಪದ ಒಂದು ಮಾತೂ ಆಡದೆ ಅವರು ಜಾಡಿಗಳನ್ನು ಒಂದೊಂದಾಗಿ ಎತ್ತಿ ಚರಂಡಿಗೆ ಸುರಿದು, ಬಾಗಿಲೆಳೆದುಕೊಂಡರು. ಪುಡಿಯ ಡಬ್ಬಿಯನ್ನು ವ್ಯಾಪಾರಿ ಫಿನಾಯಿಲ್ ಕ್ಯಾನುಗಳ ಪಕ್ಕದಲ್ಲಿ ಇಟ್ಟಿದ್ದನೆಂದು ಆಮೇಲೆ ತಿಳಿಯಿತು.

ಮರುದಿನ ಅವರು ಅಕ್ಕನನ್ನು ನೋಡಲು ಹೊರಟಾಗ ನಾನೂ ಹೋದೆ. ಹೋಗದೆ ನನಗೆ ಸಮಾಧಾನವಿರಲಿಲ್ಲ. ಪ್ಲಾಸ್ಟರು ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದ ಅಕ್ಕ ಎಲ್ಲವನ್ನೂ ಕೇಳಿ, ನಾನಿದ್ದೇನೆಂಬುದನ್ನೂ ಲೆಕ್ಕಿಸದೆ ಸಿಟ್ಟಾದರು.

"ಹನ್ನೊಂದು ವರ್ಷ ನಾನು ಬಾಯಿ ಕಟ್ಕೊಂಡು ಕಾಪಾಡಿದ್ದನ್ನ ಒಂದು ಲೋಟಕ್ಕೆ ಒಡೆದುಬಿಟ್ರಾ? ಲೋಟ ತೊಳೆದಿಲ್ಲ ಅಂದಿದ್ರೆ ಆಗ್ತಿತ್ತಲ್ಲ!"

"ಆಗ್ತಿತ್ತು" ಎಂದರು ಕೋಟಿನಣ್ಣ. "ಆದ್ರೆ ನಾಳೆ ಇನ್ನೊಂದು ಡಬ್ಬಿ ಬರ್ತಿತ್ತಲ್ಲ."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. "ಒಂದು ಜ್ವರ ಬಂದ್ರೂ ನಾನು ಅಂಗಡಿಗೆ ಹೋಗಬೇಕಾಗ್ತಿತ್ತು. ನೆಗಡಿ ಆದ್ರೆ ಪ್ರಾಣ ಹೋದಷ್ಟು ಹೆದರ್ತಿದ್ದೆ" ಎಂದರು. ಅದು ದೂರೋ, ಬಿಡುಗಡೆಯ ಮಾತೋ ನನಗೆ ತಿಳಿಯಲಿಲ್ಲ. ಅವರಿಬ್ಬರಿಗೆ ತಿಳಿಯಿತೆಂದು ಕಾಣುತ್ತದೆ. ನಾನು ನೀರು ಕುಡಿಯುವ ನೆಪದಲ್ಲಿ ಅಡಿಗೆಮನೆಗೆ ಹೋದೆ.

ಮೂರನೆಯ ದಿನ ಅಂಗಡಿ ತೆರೆದಾಗ ನರ್ಸಮ್ಮ ಬಾಗಿಲಲ್ಲೇ ನಿಂತಿದ್ದರು. "ಎಲ್ಲಿ, ಡಬ್ಬಿ ತೆಗಿ" ಎಂದು ಕೈ ಚಾಚಿದರು. ಮೂಸಿ ನೋಡಿ, "ಚೆನ್ನಾಗಿದೆ" ಎಂದರು.

"ಚೆನ್ನಾಗಿದೆ ಅನ್ನೋದು ಒಂದು ವಾಸನೆಯಾ? ಹೇಗಿದೆ ಹೇಳಿ."

ಜೀವಮಾನದಲ್ಲಿ ಯಾರಿಂದಲೂ ಪ್ರಶ್ನೆ ಕೇಳಿಸಿಕೊಳ್ಳದ ನರ್ಸಮ್ಮ ಮತ್ತೊಮ್ಮೆ ಮೂಸಿದರು, ಯೋಚಿಸಿದರು, "ಇಸ್ತ್ರಿ ಮಾಡಿದ ಬಟ್ಟೆ ಥರ. ಜೊತೆಗೆ ಸ್ವಲ್ಪ ಬೆಲ್ಲ ಕಾಸಿದ ಹಾಗೆ" ಎಂದರು. ಕೋಟಿನಣ್ಣ ತಲೆಯಾಡಿಸಿ, ನೀರು ಅಳೆಯತೊಡಗಿದರು. ಅಂದಿನಿಂದ ಬೆಳಗ್ಗೆ ಮೊದಲು ಬಂದವರ ಕೈಗೆ ಡಬ್ಬಿ ಬರುವುದು ವಾಡಿಕೆಯಾಯಿತು. ನಾವು ಅದರೊಳಗೆ ಮೂಗಿಟ್ಟು ಹೆಣಗಾಡಿದೆವು. ಅಂಚೆ ಗುಮಾಸ್ತರು ಹಳೆಯ ಮರದ ಬೀರು ಎಂದರು. ನಾನು ಒಂದು ದಿನ ಹೊಸ ಪುಸ್ತಕದ ಬೆನ್ನು ಎಂದೆ, ಇನ್ನೊಂದು ದಿನ ಮಾತೇ ಸಿಗದೆ ಹತ್ತು ನಿಮಿಷ ನಿಂತೆ. ನಲವತ್ತು ವರ್ಷ ಕಾಫಿ ಕುಡಿದವನು ಅದರ ವಾಸನೆಯನ್ನು ಒಂದು ಸಲವೂ ಗಮನಿಸಿರಲಿಲ್ಲವೆಂದು ನನಗೆ ಆಗ ಗೊತ್ತಾಯಿತು. ಎಲ್ಲರೂ ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು. ವಕೀಲರು ಮೂಲೆಯ ಹೋಟೆಲಿಗೆ ಹೋಗತೊಡಗಿದರು, ಇನ್ನೂ ಕೆಲವರು ಅವರ ಹಿಂದೆ ಹೋದರು. ಆ ಬೇಸಿಗೆಯಲ್ಲಿ ಒಂದು ಬೆಂಚು ಬಹುಮಟ್ಟಿಗೆ ಖಾಲಿಯೇ ಇತ್ತು. ಕೋಟಿನಣ್ಣ ಅವರ ಬಗ್ಗೆ ಕೆಟ್ಟ ಮಾತಾಡಲಿಲ್ಲ. "ಅವರಿಗೆ ಧೈರ್ಯ ಬರಲ್ಲ, ಅಷ್ಟೆ" ಎಂದರು.

ಆರು ವಾರ ಕಳೆದು ಅಕ್ಕ ಕೋಲೂರಿಕೊಂಡು ಬಂದಾಗ ಡಬ್ಬಿ ನರ್ಸಮ್ಮನ ಕೈಯಲ್ಲಿತ್ತು. ಇಬ್ಬರು ಹೆಂಗಸರೂ ಒಂದು ಗಳಿಗೆ ಒಬ್ಬರನ್ನೊಬ್ಬರು ನೋಡಿದರು. ನರ್ಸಮ್ಮ ಡಬ್ಬಿಯನ್ನು ಚಾಚಿದರು. ಅಕ್ಕ ತೆಗೆದುಕೊಳ್ಳಲಿಲ್ಲ. "ನೀವೇ ನೋಡಿ, ನನಗೆ ಕಾಲು ನೋಯ್ತಿದೆ" ಎಂದು ಬೆಂಚಿನ ಮೇಲೆ ಕೂತು, ಗಿರಾಕಿಯ ಹಾಗೆ ಗಂಡನ ಕಡೆ ನೋಡಿ, "ಒಂದು ಸಿಡುಕ ಕೊಡಿ" ಎಂದರು. ಇಷ್ಟು ವರ್ಷಗಳಲ್ಲಿ ಆಕೆ ಆ ಅಂಗಡಿಯಲ್ಲಿ ಕೂತು ಕುಡಿದದ್ದನ್ನು ನಾನು ಕಂಡದ್ದು ಅದೇ ಮೊದಲು.

ಎಷ್ಟೋ ದಿನಗಳ ಮೇಲೆ, ಅಂಗಡಿ ಬರಿದಾಗಿದ್ದ ಹೊತ್ತಿನಲ್ಲಿ, ನಾವು ಹೇಳುವುದನ್ನೆಲ್ಲ ಕೇಳಿ ಅವರಿಗೆ ಆ ವಾಸನೆ ನೆನಪಿಗೆ ಬರುತ್ತದೆಯೇ ಎಂದು ಕೇಳಿದೆ. ಲೋಟ ಒರೆಸುತ್ತಿದ್ದವರು ಕೈ ನಿಲ್ಲಿಸಲಿಲ್ಲ.

"ಮೊದಮೊದಲು ನೆನಪಲ್ಲಿ ಬರ್ತಿತ್ತು. ಈಗ ನೆನಪಲ್ಲೂ ಬರಲ್ಲ. ಆದ್ರೆ ನೀವು ಹೇಳೋವಾಗ ನಿಮ್ಮ ಮುಖ ನೋಡ್ತೀನಲ್ಲ, ಯಾವ ಪುಡಿ ಒಳ್ಳೇದು ಅಂತ ಅಲ್ಲಿ ಕಾಣುತ್ತೆ."

ಜಗತ್ತು ತುಂಬಿದ ತಟ್ಟೆಯನ್ನು ಮುಂದಿಟ್ಟಾಗ ಅದರ ರುಚಿಯನ್ನು ವಿಚಾರಿಸುವ ಗೋಜಿಗೆ ಹೋಗದವರೇ ನಮ್ಮಲ್ಲಿ ಬಹುಮಂದಿ. ಎಲ್ಲವೂ ಇದ್ದೇ ಇದೆಯೆಂಬ ಭರವಸೆಯಲ್ಲಿ ಎಲ್ಲವನ್ನೂ ಒಂದೇ ಹೆಸರಿನಿಂದ ಕರೆದು ನುಂಗಿಬಿಡುತ್ತೇವೆ. ದೊಡ್ಡ ಪಾಲನ್ನೇ ಕಳೆದುಕೊಂಡವರಲ್ಲಿ ಕೆಲವರು ಮಾತ್ರ, ಹೋದುದಕ್ಕಾಗಿ ಬಾಗಿಲಲ್ಲಿ ಕೂತು ಅಳದೆ, ಉಳಿದುದೇ ಪೂರ್ಣವೆಂದು ತಮಗೆ ತಾವೇ ಸುಳ್ಳನ್ನೂ ಹೇಳಿಕೊಳ್ಳದೆ, ಉಳಿದ ಆ ಚಿಕ್ಕ ಪಾಲನ್ನು ಅಂಗುಲ ಅಂಗುಲವಾಗಿ ಅರಿಯುತ್ತ ಹೋಗುತ್ತಾರೆ. ಅಂಥವರನ್ನು ನಾವು ಹಟಮಾರಿಗಳೆನ್ನುತ್ತೇವೆ, ತುಸು ವಿಚಿತ್ರದವರೆನ್ನುತ್ತೇವೆ. ಅವರ ಹತ್ತಿರ ಸ್ವಲ್ಪ ಕಾಲ ಕೂತೆದ್ದರೆ ತಿಳಿಯುತ್ತದೆ, ನಮಗೆ ಇಡಿಯಾಗಿ ದೊರೆತದ್ದರಲ್ಲಿ ನಾವು ಎಷ್ಟನ್ನು ಮುಟ್ಟದೆಯೇ ಬಿಟ್ಟಿದ್ದೇವೆಂದು.